ಫ್ರೆಸ್ನೋ ಬಿಸಿಲು, ದ್ರಾಕ್ಷಿ ತೋಟ, ಬಸುರಿಯರು: ನಾನು ಕಾಣ್ತಿರೋದು ನಿಜವಾ, ಭ್ರಮೆಯಾ?

ಫ್ರೆಸ್ನೋ_ಅಕ್ಕ (ಚರ್ಚೆ ಶುರುಮಾಡಿದವರು)

ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಹತ್ತದೆ ಬರೀತಿದ್ದೀನಿ. ಹೆಚ್ಚು ಕಡಿಮೆ ಆಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾನು ದಾವಣಗೆರೆಯವಳು. ಹದಿನಾಲ್ಕು ವರ್ಷದಿಂದ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಹೆರಿಗೆ ವಾರ್ಡಿನ ನರ್ಸ್. ನಮ್ಮಲ್ಲಿಗೆ ಬರೋ ಬಸುರಿಯರಲ್ಲಿ ಹೆಚ್ಚಿನವರು ಮೆಕ್ಸಿಕೋ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಮೂಲದವರು. ದ್ರಾಕ್ಷಿ, ಬಾದಾಮಿ, ಟೊಮೆಟೊ ತೋಟದಲ್ಲಿ, ಹಣ್ಣು ಪ್ಯಾಕ್ ಮಾಡೋ ಶೆಡ್ಡುಗಳಲ್ಲಿ ಕೆಲಸ.

ಮೊನ್ನೆ ಹೊರಗೆ 110 ಡಿಗ್ರಿ ಇತ್ತು, ನಮ್ಮ ಊರ ಲೆಕ್ಕದಲ್ಲಿ 43. ಸಂಜೆ ಒಬ್ಬಳು ಬಂದಳು, ಏಳು ತಿಂಗಳು ತುಂಬಿದೆ. ತೋಟದಿಂದ ನೇರ ಬಂದಿದ್ದಳು, ಪ್ಯಾಂಟಿನ ಮಂಡಿಯಲ್ಲಿ ಇನ್ನೂ ಮಣ್ಣು. ಆ ಸೆಖೆಯಲ್ಲೂ ಉದ್ದ ತೋಳಿನ ಅಂಗಿ, ಮುಖಕ್ಕೆ ಕಟ್ಟಿದ್ದ ಬಟ್ಟೆ ಕುತ್ತಿಗೆಗೆ ಇಳಿದಿತ್ತು. ತುಟಿ ಒಡೆದಿತ್ತು, ಹೊಟ್ಟೆ ಬಿಟ್ಟು ಬಿಟ್ಟು ಗಟ್ಟಿಯಾಗ್ತಿತ್ತು. ಎರಡು ಬಾಟಲಿ ಡ್ರಿಪ್ ಹೋದಮೇಲೆ ನೋವು ತಣ್ಣಗಾಯ್ತು. ಬೆಳಗ್ಗೆ ಮನೆಗೆ ಕಳಿಸೋವಾಗ ಕಾಗದದಲ್ಲಿದ್ದದ್ದನ್ನ ನಾನೇ ಓದಿ ಹೇಳಿದೆ: ಬಿಸಿಲಿಗೆ ಹೋಗಬೇಡಿ, ನೀರು ಚೆನ್ನಾಗಿ ಕುಡೀರಿ, ವಿಶ್ರಾಂತಿ ತಗೊಳ್ಳಿ. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಈಗ ಗಂಟೆ ಎಷ್ಟು? ಐದೂವರೆಗೆ ವ್ಯಾನು ಬರುತ್ತೆ."

ಬೇಸಿಗೆಯಲ್ಲಿ ಇಂಥವರು ಜಾಸ್ತಿ ಬರ್ತಾರೆ ಅಂತ ನಮ್ಮ ವಾರ್ಡಿನಲ್ಲಿ ಎಲ್ಲರೂ ಅಂತೀವಿ. ಕಾಡ್ಗಿಚ್ಚಿನ ಹೊಗೆ ಕವಿದಾಗಲೂ ಅಷ್ಟೇ. ಆದರೆ ನಾನು ನೋಡೋದು ಒಂದು ವಾರ್ಡು. ಇದಕ್ಕೆ ಗಟ್ಟಿ ಪುರಾವೆ ಇದೆಯಾ? ಇನ್ನೊಂದು, ಆ ಕಾಗದದಲ್ಲಿ ನಾನು ಏನು ಓದಿ ಹೇಳಬೇಕಿತ್ತು?

ಬೇ_ಏರಿಯಾ_ಬಯಲುಸೀಮೆ

ಅಕ್ಕ, ನಿಮ್ಮ ಅನುಭವಕ್ಕೆ ಗೌರವ ಇಟ್ಟುಕೊಂಡೇ ಕೇಳ್ತೀನಿ. ಬಡತನ, ಸಕ್ಕರೆ ಕಾಯಿಲೆ, ಬಿಪಿ, ತಡವಾಗಿ ಚೆಕಪ್‌ಗೆ ಬರೋದು, ಇಷ್ಟೆಲ್ಲ ಇರುವಾಗ ಬಿಸಿಲಿನ ಮೇಲೆ ಗೂಬೆ ಕೂರಿಸೋದು ಎಷ್ಟು ಸರಿ? ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ತಾಯಂದಿರ ಬಗ್ಗೆ ಇನ್ನೊಂದು ಮಾತು ಕೇಳಿದ್ದೆ. ಬಡವರಾದರೂ ಅವರ ಮಕ್ಕಳು ಸಾಕಷ್ಟು ಆರೋಗ್ಯವಾಗೇ ಹುಟ್ತಾರಂತೆ, ಅದಕ್ಕೆ "ಲ್ಯಾಟಿನಾ ವಿರೋಧಾಭಾಸ" ಅಂತ ಹೆಸರೇ ಇದೆಯಂತೆ. ಹಾಗಾದರೆ ನಿಮ್ಮ ವಾದ ಬಿದ್ದು ಹೋಯ್ತಲ್ಲ?

ಮತ್ತೆ, ಕನ್ನಡದ ವೇದಿಕೆಯಲ್ಲಿ ಇದು ಯಾಕೆ ಅಂತಲೂ ಒಂದು ಅನುಮಾನ.

ಅಂಕಿ_ಶಂಕೆ

ಲಾಸ್ ಏಂಜಲಿಸ್‌ನಲ್ಲಿ ಸಾರ್ವಜನಿಕ ಆರೋಗ್ಯದ ಅಂಕಿಅಂಶ ನೋಡೋದೇ ನನ್ನ ಹೊಟ್ಟೆಪಾಡು. ಮೊದಲು ಅಕ್ಕನ ಪ್ರಶ್ನೆ, ಬಯಲುಸೀಮೆಯವರ ಪ್ರಶ್ನೆ ಆಮೇಲೆ.

ಭ್ರಮೆ ಅಲ್ಲ. 2020ರಲ್ಲಿ ಅಮೆರಿಕದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಜಾಲಾಡಿದ ಒಂದು ದೊಡ್ಡ ಪರಿಶೀಲನೆ ಬಂತು. ಒಟ್ಟು 68 ಅಧ್ಯಯನ, 3.2 ಕೋಟಿಗೂ ಹೆಚ್ಚು ಹೆರಿಗೆಗಳು. ಸಣ್ಣ ಧೂಳಿನ ಕಣ, ಓಝೋನ್, ಸೆಖೆ ಇವಕ್ಕೂ, ದಿನ ತುಂಬುವ ಮುಂಚಿನ ಹೆರಿಗೆ, ಕಡಿಮೆ ತೂಕದ ಮಗು, ಹೊಟ್ಟೆಯಲ್ಲೇ ಮಗು ತೀರಿಕೊಳ್ಳೋದು ಇವಕ್ಕೂ ನಂಟು ಬಹುಪಾಲು ಅಧ್ಯಯನಗಳಲ್ಲಿ ಕಂಡಿತ್ತು. ಸೆಖೆಯ ಮಟ್ಟಿಗೆ ಕ್ಯಾಲಿಫೋರ್ನಿಯಾದ್ದೇ ಹಳೆಯ ಲೆಕ್ಕ ಇದೆ. ರೂಪಾ ಬಸು ಮತ್ತು ಜೊತೆಯವರು 1999ರಿಂದ 2006ರವರೆಗಿನ ಬೇಸಿಗೆ ಹೆರಿಗೆಗಳನ್ನು ನೋಡಿ 2010ರಲ್ಲಿ ಪ್ರಕಟಿಸಿದ್ದು: ವಾರದ ಸರಾಸರಿ ತಾಪ 10 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಅವಧಿಗೆ ಮುಂಚಿನ ಹೆರಿಗೆ 8.6 ಶೇಕಡಾ ಹೆಚ್ಚು. ಆ ತಾಪದಲ್ಲಿ ಗಾಳಿಯ ತೇವವನ್ನೂ ಸೇರಿಸಿ ಲೆಕ್ಕ ಹಾಕಿದ್ದರು.

"ಕನ್ನಡದಲ್ಲಿ ಯಾಕೆ" ಅಂದಿರಲ್ಲ. ಆ ಅಧ್ಯಯನದಲ್ಲಿ ಸೆಖೆಯ ಪೆಟ್ಟು ಹೆಚ್ಚು ಕಂಡಿದ್ದು ಚಿಕ್ಕ ವಯಸ್ಸಿನ ತಾಯಂದಿರಲ್ಲಿ, ಕಪ್ಪು ಜನರಲ್ಲಿ, ಮತ್ತು ಏಷ್ಯನ್ನರಲ್ಲಿ. ಏಷ್ಯನ್ನರ ಗುಂಪಿನಲ್ಲಿ ನಾವೂ ಬರ್ತೀವಿ ಸ್ವಾಮಿ.

ಇನ್ನು ವಿರೋಧಾಭಾಸ. ಅದು ನಿಜ, ಆದರೆ ಪೂರ್ತಿ ಓದಬೇಕು. ಮೆಕ್ಸಿಕೋದಲ್ಲಿ ಹುಟ್ಟಿ ಇಲ್ಲಿಗೆ ಬಂದ ತಾಯಂದಿರ ಹೆರಿಗೆ ಫಲಿತಾಂಶ ಅವರ ಆದಾಯ ನೋಡಿದರೆ ನಿರೀಕ್ಷಿಸೋದಕ್ಕಿಂತ ಚೆನ್ನಾಗಿರುತ್ತೆ. ಸಿಗರೇಟು ಕಡಿಮೆ, ಮನೆತುಂಬ ಜನ, ಅಜ್ಜಿ ಚಿಕ್ಕಮ್ಮ ಎಲ್ಲ ಹತ್ತಿರ. ಗಟ್ಟಿಮುಟ್ಟಾಗಿದ್ದವರೇ ಗಡಿ ದಾಟಿ ಬಂದಿರ್ತಾರೆ ಅನ್ನೋದೂ ಒಂದು ಕಾರಣ. ಅವರ ಹೆಣ್ಣುಮಕ್ಕಳು ಇಲ್ಲೇ ಹುಟ್ಟಿ ಬೆಳೆದು ಬಸುರಿಯಾಗುವ ಹೊತ್ತಿಗೆ ಆ ಅನುಕೂಲ ಕರಗಿರುತ್ತೆ. ಹಾಗಾಗಿ "ಬಿಳಿಯರಿಗೂ ಇವರಿಗೂ ಹೋಲಿಸಿದರೆ ಅಷ್ಟೇನೂ ವ್ಯತ್ಯಾಸ ಇಲ್ಲ" ಅನ್ನೋದರಲ್ಲಿ ಸಮಾಧಾನ ಪಡೋಕೆ ಏನೂ ಇಲ್ಲ. ತವರಿಂದ ತಂದ ಗಂಟನ್ನು ಈ ಗಾಳಿ ಎಷ್ಟು ತಿಂದುಹಾಕಿತು ಅಂತ ನೋಡಬೇಕು.

ಎಂಟನೇ_ತಿಂಗಳು

ಇಷ್ಟು ದಿನ ಸುಮ್ಮನೆ ಓದ್ತಿದ್ದೆ, ಇವತ್ತು ಬರೀಲೇಬೇಕು ಅನ್ನಿಸ್ತು. ಬೇಕರ್ಸ್‌ಫೀಲ್ಡ್‌ನಲ್ಲಿದ್ದೀನಿ, ನನಗೆ ಈಗ ಎಂಟು. ಮೇಲಿನ ಅಂಕಿ ಓದಿ ಎದೆ ಡವಡವ. ನಮ್ಮನೇಲಿ ಎಸಿ ಇದೆ, ಕೆಲಸ ಮನೆಯಿಂದಲೇ. ನಾನೂ ಹೆದರಬೇಕಾ?

ಅಂಕಿ_ಶಂಕೆ

ಅಯ್ಯೋ, ಹೆದರಿಸೋದು ನನ್ನ ಉದ್ದೇಶ ಆಗಿರಲಿಲ್ಲಮ್ಮ. ಅದನ್ನ ಹೀಗೆ ಓದಿ: ನೂರು ಹೆರಿಗೆಯಲ್ಲಿ ಹತ್ತು ಬೇಗ ಆಗ್ತಿದ್ದರೆ, ಆ ಬಿಸಿ ವಾರದಲ್ಲಿ ಅದು ಹನ್ನೊಂದರ ಹತ್ತಿರ ಹೋಗಬಹುದು. ಒಬ್ಬಳು ತಾಯಿಗೆ ಇದು ಸಣ್ಣ ಬದಲಾವಣೆ. ಲಕ್ಷಗಟ್ಟಲೆ ಹೆರಿಗೆ ಆಗೋ ರಾಜ್ಯಕ್ಕೆ ದೊಡ್ಡದು. ಎಸಿ ಇರೋ ಮನೆ, ನೆರಳು, ಬೇಕೆಂದಾಗ ನೀರು, ಅಪಾಯ ಕಡಿಮೆ ಮಾಡೋ ಮುಖ್ಯ ಸಂಗತಿಗಳೆಲ್ಲ ನಿಮ್ಮ ಹತ್ತಿರ ಇವೆ.

ಫ್ರೆಸ್ನೋ_ಅಕ್ಕ

@ಎಂಟನೇ_ತಿಂಗಳು ತಂಗಿ, ಉಚ್ಚೆ ತಿಳಿ ಬಣ್ಣದಲ್ಲಿ ಹೋಗೋಷ್ಟು ನೀರು ಕುಡಿ. ಮಧ್ಯಾಹ್ನ ವಾಕಿಂಗ್ ಬೇಡ, ಬೆಳಗ್ಗೆ ಆರಕ್ಕೆ ಹೋಗು. ಹೊಟ್ಟೆ ಪದೇಪದೇ ಗಟ್ಟಿಯಾದರೆ, ನೀರು ಹೋದರೆ, ರಕ್ತ ಕಂಡರೆ, ಮಗು ಆಡೋದು ಕಡಿಮೆ ಅನ್ನಿಸಿದರೆ ಗೂಗಲ್ ಮಾಡ್ತಾ ಕೂರಬೇಡ, ಆಸ್ಪತ್ರೆಗೆ ಫೋನ್ ಮಾಡು. ಅಷ್ಟೇ. ಸೀಮಂತ ಆಯ್ತಾ?

ಉಳಿದವರಿಗೆ, ಒಳಗೆ ಏನಾಗುತ್ತೆ ಅಂತ ನರ್ಸ್ ಭಾಷೆಯಲ್ಲಿ ಹೇಳ್ತೀನಿ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರಿರುತ್ತೆ, ಹೃದಯ ಎರಡು ಜೀವಕ್ಕೆ ದುಡೀತಿರುತ್ತೆ. ಮಗುವಿನ ಮೈಶಾಖವೂ ತಾಯಿ ಮೂಲಕವೇ ಹೊರಗೆ ಹೋಗಬೇಕು. ಸೆಖೆಯಲ್ಲಿ ಮೈ ತಣ್ಣಗಾಗೋಕೆ ರಕ್ತ ಚರ್ಮದ ಕಡೆ ಓಡುತ್ತೆ, ಬೆವರಿ ನೀರು ಖಾಲಿಯಾಗುತ್ತೆ, ಗರ್ಭಕೋಶಕ್ಕೆ ಹೋಗೋದು ಕಡಿಮೆಯಾಗುತ್ತೆ. ನೀರು ಬತ್ತಿದ ಮೈಯಲ್ಲಿ ಗರ್ಭಕೋಶ ಸಿಡುಕೋಕೆ ಶುರುಮಾಡುತ್ತೆ. ಅವತ್ತು ಡ್ರಿಪ್ ಹಾಕಿದಮೇಲೆ ನೋವು ನಿಂತಿದ್ದು ಇದಕ್ಕೇ ಇರಬೇಕು. ಎಲ್ಲರಿಗೂ ಹಾಗೆ ನಿಲ್ಲೋದಿಲ್ಲ.

ಹೊಗೆಯದು ಇನ್ನೂ ಮೋಸದ ಕೆಲಸ. ಪಿಎಂ 2.5 ಅನ್ನೋ ಕಣ ತಲೆಕೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಭಾಗ. ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸಿ ಅಲ್ಲಿಗೇ ಬಿಡಲ್ಲ. 2019ರಲ್ಲಿ ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದವರು ಮಾಸಿನಲ್ಲಿ, ಅದೂ ಮಗುವಿನ ಕಡೆಯ ಮಗ್ಗುಲಲ್ಲಿ, ಕಪ್ಪು ಮಸಿಯ ಕಣಗಳನ್ನ ಕಂಡರು. ಹೆರಿಗೆ ಆದಮೇಲೆ ಮಾಸನ್ನ ತಿರುಗಿಸಿ ಮುರುಗಿಸಿ ನೋಡೋದು ನನ್ನ ದಿನದ ಕೆಲಸ. ಆ ಸುದ್ದಿ ಓದಿದಮೇಲೆ ಅದನ್ನ ಹಿಡಿಯೋವಾಗೆಲ್ಲ ಲಾರಿ ಹೊಗೆಯ ನೆನಪಾಗುತ್ತೆ.

ಬೇ_ಏರಿಯಾ_ಬಯಲುಸೀಮೆ

ಒಪ್ಪಿದೆ. ಆದರೆ ಬಿಸಿಲೂ ಹೊಗೆಯೂ ಎಲ್ಲರಿಗೂ ಒಂದೇ ಅಲ್ವಾ? ವ್ಯಾಲಿಯ ಗಾಳಿ ಜಾತಿ ಕೇಳಿ ಬೀಸುತ್ತಾ?

ಅಂಕಿ_ಶಂಕೆ

ಗಾಳಿ ಕೇಳಲ್ಲ. ರಸ್ತೆ ಎಲ್ಲಿ ಹೋಗಬೇಕು ಅಂತ ಗೆರೆ ಎಳೆದವರು ಕೇಳಿದ್ರು.

1930ರ ದಶಕದಲ್ಲಿ ಅಮೆರಿಕ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಮಾಡಿ, ಸಾಲ ಕೊಡೋಕೆ ಅಪಾಯ ಅನ್ನೋ ಬಡಾವಣೆಗಳಿಗೆ ಕೆಂಪು ಬಳಿಯಿತು. ನಮ್ಮ ಊರಿನ ಬಾಯ್ಲ್ ಹೈಟ್ಸ್ ಅದರಲ್ಲೊಂದು. ಆಗ ಯಹೂದಿಗಳು, ಮೆಕ್ಸಿಕನ್ನರು, ಜಪಾನಿಗಳು ಒಟ್ಟಿಗಿದ್ದ ಕೇರಿ ಅದು, ಈಗ ಬಹುತೇಕ ಲ್ಯಾಟಿನೋ. ಸಾಲ ಬರಲಿಲ್ಲ, ಆದರೆ ಮುಂದಿನ ದಶಕಗಳಲ್ಲಿ ಹೆದ್ದಾರಿಗಳು ಬಂದವು. ಕೆಂಪು ಬಳಿದ ಕಡೆ ಮರ ಕಡಿಮೆ, ಡಾಂಬರು ಹೆಚ್ಚು. 2020ರಲ್ಲಿ 108 ನಗರಗಳ ಲೆಕ್ಕ ಹಾಕಿದಾಗ ಇಂಥ ಬಡಾವಣೆಗಳ ನೆಲ ಹಸಿರು ಬಳಿದ (ಸಾಲಕ್ಕೆ ಭದ್ರ ಅಂದ) ಬಡಾವಣೆಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯುತ್ತೆ ಅಂತ ಗೊತ್ತಾಯ್ತು. ಕೆಲವು ಕಡೆ 7 ಡಿಗ್ರಿ.

ವಿಲ್ಮಿಂಗ್ಟನ್‌ಗೆ ಒಮ್ಮೆ ಹೋಗಿ ಬನ್ನಿ. ಒಂದು ಕಡೆ ಲಾಸ್ ಏಂಜಲಿಸ್, ಲಾಂಗ್ ಬೀಚ್ ಬಂದರುಗಳು, ಇನ್ನೊಂದು ಕಡೆ ತೈಲ ಸಂಸ್ಕರಣಾಗಾರಗಳು, ಮನೆಗಳ ನಡುವೆಯೇ ಎಣ್ಣೆ ಬಾವಿ. ಬಂದರಿನಿಂದ ಉತ್ತರಕ್ಕೆ ಹೋಗೋ 710 ಹೆದ್ದಾರಿಯಲ್ಲಿ ಕಂಟೇನರ್ ಲಾರಿಗಳ ಸಾಲು ಕಣ್ಣು ಹಾಯಿಸಿದಷ್ಟು ದೂರ. ಆ ಕಂಟೇನರ್ ಒಳಗಿರೋದು ನೀವು ನಾನು ಆರ್ಡರ್ ಮಾಡಿದ ಸಾಮಾನು. 2019ರ ಒಂದು ಅಧ್ಯಯನ ಇದನ್ನೇ ಅಳೆಯಿತು: ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದ) ಜನರು ತಮ್ಮ ಕೊಳ್ಳುವಿಕೆಯಿಂದ ಹುಟ್ಟುವ ಸಣ್ಣ ಕಣಗಳಿಗಿಂತ 63 ಶೇಕಡಾ ಹೆಚ್ಚು ಉಸಿರಾಡ್ತಾರೆ. ಬಿಳಿಯರು ತಾವು ಹುಟ್ಟಿಸಿದ್ದಕ್ಕಿಂತ 17 ಶೇಕಡಾ ಕಡಿಮೆ. ಉಂಡವನೊಬ್ಬ, ಎಂಜಲೆಲೆ ಎತ್ತೋನು ಇನ್ನೊಬ್ಬ.

ಇಲ್ಲಿನ ಯುಎಸ್‌ಸಿ ವಿಶ್ವವಿದ್ಯಾಲಯದವರು 2015ರಿಂದ "ಮ್ಯಾಡ್ರೆಸ್" ಅಂತ ಒಂದು ದೀರ್ಘ ಅಧ್ಯಯನ ನಡೆಸ್ತಿದ್ದಾರೆ (ಸ್ಪ್ಯಾನಿಷ್‌ನಲ್ಲಿ ತಾಯಂದಿರು ಅಂತ ಅರ್ಥ). ಸೇರಿದವರಲ್ಲಿ ಹೆಚ್ಚಿನವರು ಕಡಿಮೆ ಆದಾಯದ ಲ್ಯಾಟಿನಾ ತಾಯಂದಿರು. ಅದರಲ್ಲಿ ನನಗೆ ನಾಟಿದ್ದು ಇದು: ಸಣ್ಣ ಕಣಗಳಿಂದ ಮಗುವಿನ ತೂಕ ಇಳಿಯೋದು ಮನಸ್ಸಿನ ಒತ್ತಡ ಹೆಚ್ಚಿದ್ದ ತಾಯಂದಿರಲ್ಲಿ ಎದ್ದು ಕಂಡಿತು. ಬಾಡಿಗೆ, ಕೆಲಸ, ಗಡಿ ಪೊಲೀಸರ ಭಯ, ಇವನ್ನೆಲ್ಲ ಗಾಳಿಯಿಂದ ಬೇರ್ಪಡಿಸಿ ನೋಡೋಕೆ ಆಗಲ್ಲ.

ಹ್ಯೂಸ್ಟನ್_ಗ್ಯಾಸ್

ಹೆಸರಿಗೆ ತಕ್ಕ ಹಾಗೆ ನಾನು ತೈಲದ ಕೆಲಸದವನು. ಬೈಯೋದಿದ್ರೆ ಕೊನೆಯಲ್ಲಿ ಬೈಯಿರಿ.

ದಕ್ಷಿಣ ಟೆಕ್ಸಸ್‌ನ ಈಗಲ್ ಫೋರ್ಡ್ ಶೇಲ್ ಪ್ರದೇಶದಲ್ಲಿ ನಾಲ್ಕು ವರ್ಷ ಇದ್ದೆ. ಎಣ್ಣೆ ಜೊತೆ ಗ್ಯಾಸ್ ಬರುತ್ತೆ. ಗ್ಯಾಸ್ ಸಾಗಿಸೋಕೆ ಪೈಪ್‌ಲೈನ್ ಇರಲ್ಲ, ಇದ್ದರೂ ಎಣ್ಣೆಯಷ್ಟು ಲಾಭ ಇಲ್ಲ. ಹಾಗಾಗಿ ಬಾವಿ ಪಕ್ಕ ಕೊಳವೆ ನಿಲ್ಲಿಸಿ ಸುಟ್ಟುಬಿಡ್ತಾರೆ. ಫ್ಲೇರಿಂಗ್ ಅಂತೀವಿ. ರಾತ್ರಿ ಬಯಲಲ್ಲಿ ದೀವಟಿಗೆ ಸಾಲು ಹಚ್ಚಿಟ್ಟ ಹಾಗೆ ಕಾಣುತ್ತೆ. ಉಪಗ್ರಹದಿಂದಲೂ ಕಾಣುತ್ತೆ, ವಿಷಯ ಇರೋದು ಅಲ್ಲೇ.

2020ರಲ್ಲಿ ಲಾರಾ ಕುಶಿಂಗ್, ಜಿಲ್ ಜಾನ್ಸ್ಟನ್ ಮತ್ತು ಜೊತೆಯವರು ಆ ಉಪಗ್ರಹದ ಲೆಕ್ಕವನ್ನೂ 2012ರಿಂದ 2015ರವರೆಗೆ ಅಲ್ಲಿ ಆದ 23,487 ಹೆರಿಗೆಗಳ ದಾಖಲೆಯನ್ನೂ ಜೋಡಿಸಿದರು. ಮನೆಯಿಂದ 5 ಕಿಲೋಮೀಟರ್ ಒಳಗೆ ಹತ್ತು ಅಥವಾ ಹೆಚ್ಚು ಫ್ಲೇರ್ ಉರಿದಿದ್ದ ತಾಯಂದಿರಲ್ಲಿ ಅವಧಿಗೆ ಮುಂಚೆ ಹೆರಿಗೆಯ ಸಾಧ್ಯತೆ 50 ಶೇಕಡಾ ಹೆಚ್ಚು. ಬಾವಿಗಳ ಸಾಮೀಪ್ಯವನ್ನ ಬೇರೆಯಾಗಿ ಲೆಕ್ಕಕ್ಕೆ ಹಿಡಿದ ಮೇಲೂ. ಮತ್ತೆ ಆ ಪರಿಣಾಮ ಕಂಡಿದ್ದು ಹಿಸ್ಪ್ಯಾನಿಕ್ ತಾಯಂದಿರಲ್ಲಿ, ಬಿಳಿಯರಲ್ಲಿ ಕಾಣಲಿಲ್ಲ. ಫ್ಲೇರ್‌ಗಳ ನಡುವೆ ಹೆಚ್ಚು ಇದ್ದದ್ದೂ ಅವರೇ.

ಆ ವರದಿ ಬಂದಾಗ ನಮ್ಮ ಕಚೇರಿಯಲ್ಲಿ (ಯಾವುದು ಅಂತ ಕೇಳಬೇಡಿ) ನಡೆದ ಮೀಟಿಂಗಿನಲ್ಲಿ ಇಡೀ ಒಂದು ಗಂಟೆ ಚರ್ಚೆ ಆಗಿದ್ದು ಫ್ಲೇರ್ ಎಣಿಸಿದ ವಿಧಾನ ಸರಿಯೋ ತಪ್ಪೋ ಅಂತ. ಬಸುರಿ ಅನ್ನೋ ಪದ ಒಂದು ಸಲವೂ ಬರಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಅದನ್ನೂ ಹೇಳಬೇಕಲ್ಲ.

ಇನ್ನು ಸೆಖೆ. ಆಸ್ಟಿನ್ ಮತ್ತು ಡಲ್ಲಾಸ್ ನಗರಗಳಲ್ಲಿ ಕಟ್ಟಡ ಕೆಲಸದವರಿಗೆ ನಾಲ್ಕು ಗಂಟೆಗೆ ಹತ್ತು ನಿಮಿಷ ನೀರಿನ ವಿರಾಮ ಕಡ್ಡಾಯ ಅಂತ ನಿಯಮ ಇತ್ತು. ನಾಲ್ಕು ಗಂಟೆಗೆ ಹತ್ತೇ ನಿಮಿಷ! ಅಂಥ ಊರೂರ ನಿಯಮಗಳನ್ನ ರದ್ದು ಮಾಡೋ ಕಾನೂನಿಗೆ 2023ರಲ್ಲಿ ರಾಜ್ಯಪಾಲರ ಸಹಿ ಬಿತ್ತು. ಇಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಮರುವರ್ಷ ಫ್ಲೋರಿಡಾ ಕೂಡ ಅದೇ ದಾರಿ ಹಿಡಿಯಿತು.

ರಾಯಚೂರ_ಬಿಸ್ಲು

ಅಕ್ಕಾರ, ನಿಮ್ಮ 43 ಓದಿ ನಗು ಬಂತು, ಆಮ್ಯಾಲ ನಗು ಹೋತು. ನಮ್ಮ ಕಡಿ ಮೇ ತಿಂಗಳಾಗ 43 ಅಂದ್ರ ಸುದ್ದೀನ ಅಲ್ಲ. ನಮ್ಮ ತಂಗಿ ಆಶಾ ಕಾರ್ಯಕರ್ತಿ ಅದಾಳ. ಮೆಣಸಿನಕಾಯಿ ಬಿಡಿಸಾಕ ಹೋಗೋ ಬಸುರ ಹೆಂಗಸರಿಗೆ ಅಕಿನೂ ನಿಮ್ಮಂಗ ಹೇಳ್ತಾಳ, ಬಿಸಲಾಗ ಹೋಗಬ್ಯಾಡ್ರಿ ಅಂತ. ಅವರು ಅಂತಾರ, "ನೀ ಕೂಲಿ ಕೊಡ್ತೀಯೇನವ್ವಾ?"

ನಮ್ಮ ದೇಶದಾಗೂ ಇದರ ಲೆಕ್ಕ ಮಾಡ್ಯಾರ್ರಿ. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯವರು ತಮಿಳುನಾಡಿನ 800 ಬಸುರಿಯರನ್ನ ನೋಡಿ 2024ರಾಗ ಬರದಾರ. ಝಳದಾಗ ದುಡಿಯೋರಿಗೆ ಗರ್ಭ ಇಳಿಯೋ ಅಪಾಯ ಸುಮಾರು ಎರಡು ಪಟ್ಟು ಅಂತ.

ನನ್ನ ಪ್ರಶ್ನೆ ಬ್ಯಾರೇ. ಅಲ್ಲಿ ಆಶಾ ಇದ್ದಂಗ ಯಾರರ ಅದಾರೇನ್ರಿ? ಮತ್ತ ಆ ಹೆಂಗಸರು ನೀರ್ಯಾಕ ಕುಡಿಯಂಗಿಲ್ಲ?

ಫ್ರೆಸ್ನೋ_ಅಕ್ಕ

ಎಷ್ಟು ಒಳ್ಳೆ ಪ್ರಶ್ನೆ ಕೇಳಿದಿ ತಮ್ಮಾ.

ಇದ್ದಾರೆ, ಪ್ರೊಮೊತೋರಾ ಅಂತಾರೆ. ಅದೇ ಕೇರಿಯ ಹೆಂಗಸರು, ಕೆಲವರು ತಾವೇ ಹಿಂದೆ ತೋಟದಲ್ಲಿ ದುಡಿದವರು. ಚರ್ಚ್ ಅಂಗಳ, ಸಂತೆ, ಲಾಂಡ್ರಿ ಅಂಗಡಿ, ಎಲ್ಲಿ ಜನ ಸಿಗ್ತಾರೋ ಅಲ್ಲಿ ಮಾತಾಡಿಸ್ತಾರೆ. ನಾನು ಹತ್ತು ನಿಮಿಷದಲ್ಲಿ ಹೇಳೋಕಾಗದ್ದನ್ನ ಅವರು ಒಂದು ಬೈಗುಳದಲ್ಲಿ ಹೇಳಿ ಮುಗಿಸ್ತಾರೆ.

ಎಲ್ಲರಿಗೂ ಸ್ಪ್ಯಾನಿಷ್ ಬರುತ್ತೆ ಅಂತ ತಿಳ್ಕೊಂಡಿದ್ದೆ ನಾನು ಮೊದಲು. ಒಂದು ಸಲ ಅರ್ಧ ಗಂಟೆ ವಿವರಿಸಿದಮೇಲೆ ಗೊತ್ತಾಯ್ತು, ಆ ತಾಯಿಯ ಮಾತು ಮಿಶ್ತೆಕೊ. ಮೆಕ್ಸಿಕೋದ ವಹಾಕಾ ಕಡೆಯ ಮೂಲನಿವಾಸಿಗಳ ಭಾಷೆ, ಸ್ಪ್ಯಾನಿಷ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಇಂಡಿಯಾದವಳು ಅಂದ ಕೂಡಲೇ ನನ್ನ ಜೊತೆ ಹಿಂದಿ ಶುರುಮಾಡೋರನ್ನ ನೋಡಿ ಉರ್ಕೋತಿದ್ದೆ. ಅವತ್ತು ನಾನೂ ಅದನ್ನೇ ಮಾಡಿದ್ದೆ.

ನೀರು ಯಾಕೆ ಕುಡಿಯಲ್ಲ? ಕುಡಿದರೆ ಹೋಗಬೇಕಾಗುತ್ತೆ. ಗಾಡಿಯ ಮೇಲಿನ ಪ್ಲಾಸ್ಟಿಕ್ ಶೌಚಾಲಯ ಸಾಲಿನ ಆ ತುದಿಯಲ್ಲಿ, ಒಳಗೆ ಒಲೆ ಇದ್ದ ಹಾಗೆ. ಬಸುರಿಗೆ ಗಂಟೆಗೊಂದು ಸಲ ಅವಸರ. ಕೂಲಿ ಪೆಟ್ಟಿಗೆ ಲೆಕ್ಕದಲ್ಲಿದ್ದರೆ ಹೋಗಿ ಬರೋ ಹೊತ್ತಿಗೆ ಒಂದೆರಡು ಪೆಟ್ಟಿಗೆ ಹೋಯ್ತು. ಪೆಟ್ಟಿಗೆ ಲೆಕ್ಕದವರಿಗೆ ವಿರಾಮದ ಸಮಯಕ್ಕೂ ಬೇರೆ ಕೂಲಿ ಕೊಡಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಕಾನೂನಿದೆ. ಅದು ಗೊತ್ತಿರೋ ಹೆಂಗಸು ನನಗೆ ಇನ್ನೂ ಸಿಕ್ಕಿಲ್ಲ. ಮುಖಕ್ಕೆ ಬಟ್ಟೆ, ಮೈತುಂಬ ಅಂಗಿ ಬಿಸಿಲಿಗೊಂದೇ ಅಲ್ಲ, ಔಷಧಿ ಸಿಂಪಡಿಸಿದ ಎಲೆ ಮೈಗೆ ತಾಕದಿರಲಿ ಅಂತ, ಮೇಸ್ತ್ರಿಯ ಕಣ್ಣು ತಾಕದಿರಲಿ ಅಂತಲೂ.

ಕಾನೂನು ಇಲ್ಲಿ ಬಂದಿದ್ದೂ ಹೆಣ ಬಿದ್ದಮೇಲೆಯೇ. ತೋಟದ ಕೆಲಸಗಾರರು ಸಾಲಾಗಿ ಸತ್ತಮೇಲೆ 2005ರಲ್ಲಿ ಹೊರಗೆ ದುಡಿಯೋರಿಗೆ ನೆರಳು, ನೀರು, ವಿರಾಮ ಕಡ್ಡಾಯ ಮಾಡಿದರು, ಇಡೀ ದೇಶದಲ್ಲಿ ಮೊದಲು. ಆದರೆ 2008ರ ಮೇ ತಿಂಗಳಲ್ಲಿ ಸ್ಟಾಕ್ಟನ್ ಪೂರ್ವಕ್ಕಿರೋ ದ್ರಾಕ್ಷಿ ತೋಟವೊಂದರಲ್ಲಿ, ವಹಾಕಾದಿಂದ ಬಂದಿದ್ದ ಹದಿನೇಳು ವರ್ಷದ ಹುಡುಗಿ ಕುಸಿದು ಬಿದ್ದಳು. ಎರಡು ದಿನಕ್ಕೆ ತೀರಿಕೊಂಡಳು. ಮೈಶಾಖ 108 ಡಿಗ್ರಿ ದಾಟಿತ್ತು. ಎರಡು ತಿಂಗಳ ಬಸುರಿ ಅಂತ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ. ಅಷ್ಟು ಹೊತ್ತಿಗೆ ಆ ಕಾನೂನಿಗೆ ಮೂರು ವರ್ಷ ಆಗಿತ್ತು.

ಎಂಟನೇ_ತಿಂಗಳು

ಹದಿನೇಳು. ದೇವರೇ.

ಬೇ_ಏರಿಯಾ_ಬಯಲುಸೀಮೆ

ಸರಿ, ಹಟ ಬಿಟ್ಟೆ. ಆದರೆ ನನ್ನೊಳಗಿನ ಇಂಜಿನಿಯರ್ ಇನ್ನೂ ಒಂದು ಕೇಳ್ತಾನೆ. ಹೊಗೆ ಇದ್ದಲ್ಲಿ ಬಡತನವೂ ಇರುತ್ತೆ. ಕಾರಣ ಹೊಗೆಯೇ ಅಂತ ಬೇರ್ಪಡಿಸಿ ತೋರಿಸಿದವರು ಇದ್ದಾರಾ? ಯಾರನ್ನೂ ಬೇಕಂತ ಹೊಗೆಗೆ ಒಡ್ಡಿ ಪ್ರಯೋಗ ಮಾಡೋಕಾಗಲ್ಲ ಅಲ್ವಾ.

ಅಂಕಿ_ಶಂಕೆ

ಈ ಪ್ರಶ್ನೆಗೇ ಕಾಯ್ತಿದ್ದೆ. ಹೊಗೆಗೆ ಒಡ್ಡೋಕಾಗಲ್ಲ ನಿಜ, ಆದರೆ ಹೊಗೆ ತಾನಾಗೇ ನಿಂತಾಗ ಏನಾಯ್ತು ಅಂತ ನೋಡಬಹುದು.

ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದ ಟೋಲ್ ಗೇಟುಗಳಲ್ಲಿ ಇ-ಝಡ್‌ಪಾಸ್ (ನಿಲ್ಲದೆ ಟೋಲ್ ಕಟ್ಟೋ ವ್ಯವಸ್ಥೆ) ಬಂತು, ವಾಹನಗಳು ಸಾಲಿನಲ್ಲಿ ನಿಂತು ಹೊಗೆ ಕಾರೋದು ತಪ್ಪಿತು. ಜಾನೆಟ್ ಕರೀ ಮತ್ತು ರೀಡ್ ವಾಕರ್ ಅನ್ನೋ ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದು: ಗೇಟಿನಿಂದ 2 ಕಿಲೋಮೀಟರ್ ಒಳಗಿನ ತಾಯಂದಿರಲ್ಲಿ, ಸ್ವಲ್ಪ ದೂರದವರಿಗೆ ಹೋಲಿಸಿದರೆ, ಅವಧಿಗೆ ಮುಂಚಿನ ಹೆರಿಗೆ 10.8 ಶೇಕಡಾ ಇಳಿಯಿತು, ಕಡಿಮೆ ತೂಕದ ಮಕ್ಕಳು 11.8 ಶೇಕಡಾ ಇಳಿದರು. ಟೋಲ್ ಗೇಟು ಹಾಕಿದವರಿಗೆ ಬಸುರಿಯರ ಯೋಚನೆಯೇ ಇರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2001ರಿಂದ 2011ರೊಳಗೆ ಕಲ್ಲಿದ್ದಲು, ತೈಲದ ಎಂಟು ವಿದ್ಯುತ್ ಸ್ಥಾವರ ಮುಚ್ಚಿದವು. 5 ಕಿಲೋಮೀಟರ್ ಒಳಗಿನವರಲ್ಲಿ ಅವಧಿಗೆ ಮುಂಚಿನ ಹೆರಿಗೆ 7.0 ಶೇಕಡಾದಿಂದ 5.1ಕ್ಕೆ ಬಂತು. 2008ರ ಒಲಿಂಪಿಕ್ಸ್‌ಗೆ ಬೀಜಿಂಗ್‌ನಲ್ಲಿ ಕೆಲವು ವಾರ ಕಾರ್ಖಾನೆ, ಕಾರು ನಿಲ್ಲಿಸಿದ್ದರಲ್ಲ, ಆಗ ಎಂಟನೇ ತಿಂಗಳಲ್ಲಿದ್ದ ತಾಯಂದಿರ ಮಕ್ಕಳು ಹಿಂದಿನ, ಮುಂದಿನ ವರ್ಷದ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದವು.

ನಮ್ಮ ಎಲ್ಲ ಕರಪತ್ರಗಳೂ ತಾಯಿಗೆ ಬುದ್ಧಿ ಹೇಳ್ತವೆ. ಈ ಮೂರರಲ್ಲಿ ಒಬ್ಬ ತಾಯಿಯೂ ಏನನ್ನೂ ಬದಲಿಸಿಕೊಂಡಿರಲಿಲ್ಲ.

ಹ್ಯೂಸ್ಟನ್_ಗ್ಯಾಸ್

ಅಂದರೆ ನೆಲಮಂಗಲ ಟೋಲ್‌ನ ಫಾಸ್ಟ್ಯಾಗ್ ಸಾಲಿನಲ್ಲಿ ಸ್ಕ್ಯಾನರ್ ಕೈಕೊಟ್ಟಾಗ ಹಾರ್ನ್ ಹೊಡೆಯೋ ಬದಲು ಈ ಅಧ್ಯಯನ ಓದಿ ಹೇಳಬೇಕು.

ಎಂಟನೇ_ತಿಂಗಳು

ಒಂದು ದಡ್ಡ ಪ್ರಶ್ನೆ. ನಮ್ಮ ಮನೆ ಕೆಲಸಕ್ಕೆ ಬರೋ ಹುಡುಗಿ ಆರ್ವಿನ್ ಕಡೆಯವಳು, ಅವಳಿಗೂ ಐದು ತಿಂಗಳು. ಕಳೆದ ವರ್ಷ ಕಾಡ್ಗಿಚ್ಚಿನ ಹೊಗೆ ಬಂದಾಗ ಕಿಟಕಿ ಮುಚ್ಚಿಕೊಂಡಿರು ಅಂದೆ. "ಮುಚ್ಚಿದ್ರೆ ಬೇಯ್ತೀವಿ ಮೇಡಂ" ಅಂದಳು. ನನಗೆ ಅರ್ಥ ಆಗಲಿಲ್ಲ. ಕೂಲರ್ ಇದೆಯಂತೆ.

ಫ್ರೆಸ್ನೋ_ಅಕ್ಕ

ದಡ್ಡ ಪ್ರಶ್ನೆ ಅಲ್ಲ, ಇಡೀ ವ್ಯಾಲಿಯ ಗೋಳು ಇದರಲ್ಲೇ ಇದೆ. ಅವಳ ಮನೇಲಿರೋದು ನೀರಿನ ಕೂಲರ್, ನಮ್ಮೂರ ಡೆಸರ್ಟ್ ಕೂಲರ್ ಥರದ್ದು. ಅದು ಹೊರಗಿನ ಗಾಳಿ ಎಳೆದು ಒದ್ದೆ ಹಾಸಿನ ಮೂಲಕ ಒಳಗೆ ಬಿಡುತ್ತೆ, ಆ ಗಾಳಿ ಹೊರಗೆ ಹೋಗೋಕೆ ಕಿಟಕಿ ತೆರೆದಿರಬೇಕು. ಹಾಕಿದರೆ ಹೊಗೆ ಮನೆಯೊಳಗೇ ಬರುತ್ತೆ. ಆರಿಸಿದರೆ ಬೇಯಬೇಕು. ಎಸಿ ಇದ್ದವರೂ ಕರೆಂಟ್ ಬಿಲ್ಲಿಗೆ ಹೆದರಿ ರಾತ್ರಿ ಮಾತ್ರ ಹಾಕ್ತಾರೆ.

ಬಿಸಿಲೂ ಹೊಗೆಯೂ ಒಟ್ಟಿಗೇ ಬರೋಕೆ ಕಾರಣವೂ ಇದೆ. ಓಝೋನ್ ಯಾವ ಕೊಳವೆಯಿಂದಲೂ ಬರಲ್ಲ. ವಾಹನದ ಹೊಗೆ ಬಿಸಿಲಲ್ಲಿ ಬೆಂದು ಹುಟ್ಟುತ್ತೆ, ಬಿಸಿಲು ಹೆಚ್ಚಿದಷ್ಟೂ ಜಾಸ್ತಿ. ಈ ಕಣಿವೆಗೆ ಪೂರ್ವಕ್ಕೆ ಸಿಯೆರಾ ನೆವಾಡ, ಪಶ್ಚಿಮಕ್ಕೆ ಕರಾವಳಿ ಬೆಟ್ಟ, ದಕ್ಷಿಣಕ್ಕೆ ತೆಹಾಚಪಿ. ಬೋಗುಣಿಯ ತಳದಲ್ಲಿ ಕೂತ ಹಾಗಿದೀವಿ. ನಡುವೆ 99ನೇ ಹೆದ್ದಾರಿಯ ಲಾರಿ, ಡೈರಿ, ಎಣ್ಣೆ ಬಾವಿ. ಎದ್ದ ಹೊಗೆಗೆ ಹೋಗೋಕೆ ದಾರಿ ಇಲ್ಲ.

ಅವಳಿಗೆ ನಿನ್ನಿಂದ ಆಗೋದು: ಚೌಕದ ಬಾಕ್ಸ್ ಫ್ಯಾನಿಗೆ ಒಳ್ಳೆ ಫರ್ನೇಸ್ ಫಿಲ್ಟರ್ (ಗಾಳಿ ಸೋಸೋ ಹಾಸು) ಟೇಪ್ ಹಚ್ಚಿ ಒಂದು ಕೋಣೆಯಲ್ಲಿ ಇಡೋಕೆ ಹೇಳು. ಹೊಗೆ ದಿನ ಕೆಲಸಕ್ಕೆ ಬಂದರೆ ನಿನ್ನ ಎಸಿ ಕೋಣೇಲಿ ಕೂರಿಸು, ಗುಡಿಸೋದು ಒರೆಸೋದು ನಾಳೆಗಿರಲಿ. ಆ ದಿನದ ಕೂಲಿ ಹಿಡೀಬೇಡ. ಬೇಜಾರು ಮಾಡ್ಕೋಬೇಡ, ನೇರ ಹೇಳಿಬಿಟ್ಟೆ.

ಎಂಟನೇ_ತಿಂಗಳು

ಬೇಜಾರಿಲ್ಲ ಅಕ್ಕ. ಹೋದ ಸಲ ಬರಬೇಡ ಅಂದಿದ್ದೆ, ಕೂಲಿ ಕೊಟ್ಟಿರಲಿಲ್ಲ. ಹೊಳೆದೇ ಇರಲಿಲ್ಲ.

ಅಂಕಿ_ಶಂಕೆ

ಕಾಡ್ಗಿಚ್ಚಿನ ಹೊಗೆಯ ಬಗ್ಗೆ ಒಂದೇ ಸಾಲು ಸೇರಿಸ್ತೀನಿ. ಸ್ಟ್ಯಾನ್‌ಫರ್ಡ್‌ನವರ ಅಂದಾಜಿನಲ್ಲಿ 2007ರಿಂದ 2012ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 7,000 ಅವಧಿಪೂರ್ವ ಹೆರಿಗೆಗಳಿಗೆ ಆ ಹೊಗೆ ಕಾರಣ. 2018, 2020ರ ಮಹಾ ಬೆಂಕಿಗಳಿಗೂ ಮುಂಚಿನ ಲೆಕ್ಕ ಇದು.

ಬೇ_ಏರಿಯಾ_ಬಯಲುಸೀಮೆ

ಅಕ್ಕ, ನಿಮ್ಮ ಎರಡನೇ ಪ್ರಶ್ನೆ ಎಲ್ಲರೂ ಮರೆತರು. ಕಾಗದದಲ್ಲಿ ಏನು ಬರೀಬೇಕು? ಕೆಲಸದ ಕಡೆಯ ಕಾನೂನು ನಾನು ಸ್ವಲ್ಪ ಹುಡುಕಿದೆ. 2023ರ ಜೂನ್ 27ರಿಂದ ಬಸುರಿ ಕೆಲಸಗಾರರ ಬಗ್ಗೆ ಕೇಂದ್ರದ ಕಾನೂನೊಂದು ಜಾರಿಯಲ್ಲಿದೆ. 15 ಅಥವಾ ಹೆಚ್ಚು ಜನ ಇರೋ ಕಡೆ ನೀರು, ಕೂರೋಕೆ ಜಾಗ, ಹೆಚ್ಚುವರಿ ವಿರಾಮ, ಹಗುರ ಕೆಲಸ ಕೇಳಬಹುದು, ಮಾಲೀಕ ಸುಮ್ಮನೆ ಇಲ್ಲ ಅನ್ನೋ ಹಾಗಿಲ್ಲ.

ಫ್ರೆಸ್ನೋ_ಅಕ್ಕ

ನೋಡಪ್ಪ, ಅನುಮಾನ ಪಟ್ಟವರೇ ಕೊನೆಗೆ ಕೆಲಸಕ್ಕೆ ಬಂದ್ರು!

ಇವತ್ತು ನಮ್ಮ ವಾರ್ಡಿನ ಡಾಕ್ಟರಮ್ಮನ ಜೊತೆ ಕೂತು ಮಾತಾಡಿದೆ. "ಬಿಸಿಲಿಗೆ ಹೋಗಬೇಡಿ" ಅನ್ನೋ ಸಾಲು ತಾಯಿ ಕಡೆಗಿತ್ತು. ಈಗ ಇನ್ನೊಂದು ಚೀಟಿ ಮೇಸ್ತ್ರಿ ಕಡೆಗೆ: ಗಂಟೆಗೆ ಇಷ್ಟು ನಿಮಿಷ ನೆರಳಲ್ಲಿ ಕೂರಬೇಕು, ನೀರು ಕೈಗೆಟುಕೋ ಕಡೆ ಇರಬೇಕು, ಏಣಿ ಹತ್ತಿಸಬಾರದು, ಔಷಧಿ ಹೊಡೆದ ತೋಟಕ್ಕೆ ಕಳಿಸಬಾರದು. ಡಾಕ್ಟರ್ ಸಹಿ ಹಾಕಿದ್ದನ್ನ ಆಗಲ್ಲ ಅನ್ನೋಕೆ ಅವನೂ ಯೋಚನೆ ಮಾಡ್ತಾನೆ.

ಇನ್ನೊಂದು ದೊಡ್ಡದು. ಕ್ಯಾಲಿಫೋರ್ನಿಯಾದ ಅಶಕ್ತತೆ ವಿಮೆಗೆ ಕೆಲಸಗಾರರ ಸಂಬಳದಿಂದಲೇ ದುಡ್ಡು ಹಿಡೀತಾರೆ, ಅದಕ್ಕೆ ಪೌರತ್ವ, ವೀಸಾ ಯಾವುದೂ ಅಡ್ಡ ಬರಲ್ಲ. ಸಾಮಾನ್ಯವಾಗಿ ಹೆರಿಗೆಗೆ ನಾಲ್ಕು ವಾರ ಮುಂಚಿನಿಂದ, ಡಾಕ್ಟರ್ ಕಾರಣ ಬರೆದುಕೊಟ್ಟರೆ ಅದಕ್ಕೂ ಮುಂಚೆ ಸಿಗುತ್ತೆ. 2025ರಿಂದ ಸಂಬಳದ 70ರಿಂದ 90 ಶೇಕಡಾವರೆಗೆ. ಹದಿನಾಲ್ಕು ವರ್ಷ ಇಲ್ಲಿದ್ದು ನಾನು ಇದನ್ನ ಎಷ್ಟು ಜನಕ್ಕೆ ಹೇಳಿದ್ದೀನಿ ಅಂತ ಎಣಿಸಿದೆ. ಬೆರಳು ಸಾಕಾಯ್ತು.

ತೊಡಕು ಇಲ್ಲ ಅಂತಲ್ಲ. ಬೇರೆಯವರ ಹೆಸರಲ್ಲಿ ಕೂಲಿಗೆ ಹೋಗೋರು ಅರ್ಜಿ ಹಾಕೋಕೆ ಹೆದರ್ತಾರೆ. ಈಗಂತೂ ಹಿಡಿದು ದೇಶದಿಂದಾಚೆ ಕಳಿಸ್ತಾರೆ ಅನ್ನೋ ಭಯಕ್ಕೆ ಚೆಕಪ್ಪಿಗೇ ಬರದೆ ನೇರ ಹೆರಿಗೆಗೆ ಬರೋರನ್ನ ನೋಡ್ತಿದ್ದೀನಿ. ಅವರ ಕೈಗೆ ಯಾವ ಚೀಟಿ ಕೊಡಲಿ, ಅದು ನನಗೂ ತಿಳೀತಿಲ್ಲ.

ಹ್ಯೂಸ್ಟನ್_ಗ್ಯಾಸ್

ಟೆಕ್ಸಸ್‌ನಲ್ಲಿ ಆ ವಿಮೆ ಇಲ್ಲ. ಬರೆದಿಟ್ಟೆ ಅಷ್ಟೇ.

ರಾಯಚೂರ_ಬಿಸ್ಲು

ಅಕ್ಕಾರ, ಆ ಹುಡುಗಿ ಏನಾದ್ಳು? ಐದೂವರಿ ವ್ಯಾನಿಗೆ ಹೋದಾಕಿ.

ಫ್ರೆಸ್ನೋ_ಅಕ್ಕ

ಗೊತ್ತಿಲ್ಲ ತಮ್ಮಾ. ಕೊಟ್ಟಿದ್ದ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ಯಾರೋ ಗಂಡಸು ಎತ್ತಿ ಇಟ್ಟುಬಿಟ್ಟ. ಆ ಕೇರಿಗೆ ಹೋಗೋ ಪ್ರೊಮೊತೋರಾ ಕೈಲಿ ಹೊಸ ಚೀಟಿ ಕಳಿಸಿದ್ದೀನಿ. ಅವಳಿಗೆ ದಿನ ತುಂಬೋದು ಸೆಪ್ಟೆಂಬರ್ ಎರಡನೇ ವಾರ. ಇಲ್ಲಿ ಒಣದ್ರಾಕ್ಷಿಗೆ ಸಾಲಿನ ನಡುವೆ ಕಾಗದದ ಟ್ರೇ ಹಾಸೋ ಸುಗ್ಗಿ ಆಗಲೇ, ಟ್ರೇ ಲೆಕ್ಕದಲ್ಲಿ ಕೂಲಿ. ಆ ವಾರ ಪೂರ್ತಿ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡಿದ್ದೀನಿ.